ಐದು ವರ್ಷದ ಮಗ ಮಲ ತಡೆಹಿಡಿಯುತ್ತಾನೆ, ಚಡ್ಡಿಯಲ್ಲಿ ಸೋರುತ್ತದೆ: ಇದು ಹಟವೇ, ಕಾಯಿಲೆಯೇ?

ಪ್ರಶ್ನೆ (ಮಗುವಿನ ತಾಯಿ)

ನನ್ನ ಮಗನಿಗೆ ಐದು ವರ್ಷ ತುಂಬಿ ಎರಡು ತಿಂಗಳಾಯಿತು. ಮೂರನೆಯ ವರ್ಷಕ್ಕೆಲ್ಲ ತಾನಾಗಿಯೇ ಶೌಚಾಲಯಕ್ಕೆ ಹೋಗುವುದನ್ನು ಕಲಿತಿದ್ದ ಹುಡುಗ. ಏಳು ತಿಂಗಳ ಹಿಂದೆ ಒಂದು ವಾರ ಜ್ವರದಲ್ಲಿ ಮಲಗಿದ್ದ. ಊಟ, ನೀರು ಎರಡೂ ಸರಿಯಾಗಿ ಸೇರಲಿಲ್ಲ. ಜ್ವರ ಬಿಟ್ಟ ಮೇಲೆ ಮಲ ಕಲ್ಲಿನಂತೆ ಗಟ್ಟಿಯಾಗಿ ಹೊರಬಂದು ಸ್ವಲ್ಪ ರಕ್ತವೂ ಕಾಣಿಸಿತು. ಆ ದಿನ ಅವನು ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಲ್ಲಿಂದ ಮುಂದೆ ಅವನು ಶೌಚಾಲಯದ ಕಡೆ ಸುಳಿಯಲು ಒಲ್ಲೆ ಎನ್ನುತ್ತಿದ್ದಾನೆ.

ಆಟದ ನಡುವೆ ಇದ್ದಕ್ಕಿದ್ದಂತೆ ಎದ್ದು ಕಿಟಕಿಯ ಪರದೆಯ ಹಿಂದೆ ಹೋಗಿ ನಿಲ್ಲುತ್ತಾನೆ. ಗೋಡೆ ಹಿಡಿದುಕೊಂಡು, ಕಾಲಿನ ಮೇಲೆ ಕಾಲು ಹೆಣೆದು, ತುದಿಗಾಲಿನಲ್ಲಿ ನಿಂತು, ಮುಖ ಕೆಂಪಾಗುವಷ್ಟು ಮೈ ಬಿಗಿ ಹಿಡಿಯುತ್ತಾನೆ. ಐದು ನಿಮಿಷ ಕಳೆದರೆ ಏನೂ ಆಗದವನಂತೆ ಮತ್ತೆ ಆಟಕ್ಕೆ ಬರುತ್ತಾನೆ. ಪಾಪ, ತಿಣುಕುತ್ತಿದ್ದಾನೆ ಎಂದೇ ನಾವು ಇಷ್ಟು ದಿನ ತಿಳಿದಿದ್ದೆವು. ನಾಲ್ಕು ದಿನಕ್ಕೋ ಐದು ದಿನಕ್ಕೋ ಒಮ್ಮೆ ದಪ್ಪನೆಯ ಮಲ ಹೋಗುತ್ತದೆ, ಅದೂ ಅಳುತ್ತಲೇ.

ಎರಡು ತಿಂಗಳಿಂದ ಹೊಸ ತೊಂದರೆಯೊಂದು ಸೇರಿಕೊಂಡಿದೆ. ದಿನಕ್ಕೆ ಎರಡು ಮೂರು ಸಲ ಚಡ್ಡಿಯಲ್ಲಿ ತೆಳುವಾಗಿ, ಕೆಟ್ಟ ವಾಸನೆಯ ಮಲ ಸೋರುತ್ತದೆ. ಭೇದಿ ಇರಬೇಕೆಂದು ಭಾವಿಸಿ, ಮೊದಲೇ ಬರೆದುಕೊಟ್ಟಿದ್ದ ಮಲ ಸಡಿಲಿಸುವ ಔಷಧವನ್ನು ನಾನೇ ನಿಲ್ಲಿಸಿದೆ. ಅವನನ್ನು ಕೇಳಿದರೆ 'ನನಗೆ ಗೊತ್ತೇ ಆಗಲಿಲ್ಲ' ಎನ್ನುತ್ತಾನೆ. ಸುಳ್ಳು ಹೇಳುತ್ತಿದ್ದಾನೆಂದು ಗದರಿದ್ದೇನೆ; ಒಂದು ದಿನ ಕೈಯೂ ಎತ್ತಿದ್ದೇನೆ. ಕಳೆದ ವಾರ ಮಂಚದ ಕೆಳಗೆ ಗುಡಿಸುವಾಗ ಮೂಲೆಯಲ್ಲಿ ಮಡಚಿ ತುರುಕಿದ್ದ ನಾಲ್ಕು ಚಡ್ಡಿಗಳು ಸಿಕ್ಕವು. ಅವನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟೆ.

ಇದು ಹಟವೇ, ಸೋಮಾರಿತನವೇ, ಕಾಯಿಲೆಯೇ? ಔಷಧವನ್ನು ತಿಂಗಳುಗಟ್ಟಲೆ ಕೊಟ್ಟರೆ ಕರುಳಿಗೆ ಅದೇ ಅಭ್ಯಾಸವಾಗಿಬಿಡುವುದಿಲ್ಲವೇ? ಎನಿಮಾ ಕೊಟ್ಟು ಒಮ್ಮೆ ಎಲ್ಲವನ್ನೂ ತೆಗೆಸಿದರೆ ಮುಗಿಯುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಇದೇ ತೊಂದರೆ ಕಂಡ ಒಬ್ಬ ತಂದೆ)

ನೀವು ಬರೆದದ್ದನ್ನು ಓದುವಾಗ ನನ್ನ ಮಗಳೇ ಕಣ್ಣ ಮುಂದೆ ಬಂದಳು. ಅವಳು ನಿಲ್ಲುತ್ತಿದ್ದದ್ದು ಬಾಗಿಲ ಹಿಂದೆ. ಆ ನಿಲುವನ್ನು ನಾವೂ ತಿಣುಕಾಟವೆಂದೇ ತಿಳಿದಿದ್ದೆವು. ಮಲ ಹೊರಹಾಕಲು ಹೊರಟ ಮಗು ಮಂಡಿ ಮಡಚಿ ಕುಕ್ಕರುಗಾಲಿನಲ್ಲಿ ಕೂರುತ್ತದೆ, ತಡೆಯಲು ಹೊರಟ ಮಗು ಕಾಲು ನೆಟ್ಟಗೆ ಮಾಡಿ ಪೃಷ್ಠ ಬಿಗಿದು ನಿಲ್ಲುತ್ತದೆ ಎಂದು ವೈದ್ಯರು ತೋರಿಸಿಕೊಟ್ಟ ಮೇಲೆ ನಮಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಒಮ್ಮೆ ನೋವುಂಡ ಮಗು ಆ ನೋವು ಮತ್ತೆ ಬಾರದಿರಲೆಂದು ತನಗೆ ತೋಚಿದ ಉಪಾಯ ಮಾಡುತ್ತಿರುತ್ತದೆ, ಅಷ್ಟೆ.

ನಾವು ಮಾಡಿದ ದೊಡ್ಡ ತಪ್ಪು ಔಷಧವನ್ನು ಬೇಗ ನಿಲ್ಲಿಸಿದ್ದು. ಹತ್ತು ದಿನ ಮೆತ್ತಗೆ ಹೋಯಿತೆಂದರೆ ಗುಣವಾಯಿತು ಎಂದುಕೊಂಡು ಬಿಡುತ್ತಿದ್ದೆವು, ಮೂರನೆಯ ವಾರಕ್ಕೆ ಮತ್ತೆ ಗಟ್ಟಿ, ಮತ್ತೆ ನೋವು, ಮತ್ತೆ ಬಾಗಿಲ ಹಿಂದೆ. ಹೀಗೆ ಮೂರು ಸಲ ಆಯಿತು. ಪ್ರತಿ ಸಲವೂ ಅವಳ ಭಯ ಹಿಂದಿನದಕ್ಕಿಂತ ಗಟ್ಟಿಯಾಯಿತು. ಕೊನೆಗೆ ವೈದ್ಯರು ಹೇಳಿದಷ್ಟು ಕಾಲ ಕೊಟ್ಟೆವು, ಹತ್ತು ತಿಂಗಳು. ಆಮೇಲೆ ಅವರ ಸಲಹೆಯಂತೆಯೇ ಸ್ವಲ್ಪ ಸ್ವಲ್ಪವಾಗಿ ಇಳಿಸಿದೆವು.

ಮನೆಯ ದಿನಚರಿಯನ್ನೂ ಬದಲಿಸಬೇಕಾಯಿತು. ನಮ್ಮದು ಬೆಳಗಾದರೆ ಓಟವೇ ಇದ್ದ ಮನೆ: ಏಳಿಸು, ತಿನ್ನಿಸು, ಹೊರಡಿಸು. ಮಗು ಶೌಚಕ್ಕೆ ಕೂರಲು ಅಲ್ಲಿ ಹತ್ತು ನಿಮಿಷವೂ ಉಳಿದಿರಲಿಲ್ಲ. ಎಲ್ಲರೂ ಅರ್ಧ ಗಂಟೆ ಬೇಗ ಮಲಗಿ ಅರ್ಧ ಗಂಟೆ ಬೇಗ ಏಳುವುದೆಂದು ನಿಶ್ಚಯಿಸಿದೆವು. ತಿಂಡಿಯಾದ ಮೇಲೆ ಕಮೋಡಿನ ಮುಂದೆ ಒಂದು ಗಟ್ಟಿ ಮಣೆ ಹಾಕಿ, ಅದರ ಮೇಲೆ ಅವಳ ಎರಡೂ ಪಾದಗಳನ್ನು ಊರಿಸಿ ಕೂರಿಸುತ್ತಿದ್ದೆ. ಅದಕ್ಕೂ ಮೊದಲು ಅವಳ ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದವು, ಬೀಳುವ ಭಯಕ್ಕೆ ಎರಡೂ ಕೈಯಿಂದ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಿದ್ದಳು. ಮಣೆ ಬಂದ ದಿನ ಆ ಕೈಗಳು ಮೊದಲ ಬಾರಿಗೆ ಸಡಿಲವಾದವು. ಅವಳ ಕೈಗೆ ಸೋಪಿನ ಗುಳ್ಳೆ ಊದುವ ಕೊಳವೆ ಕೊಟ್ಟೆ. ಊದುವಾಗ ಹೊಟ್ಟೆಯ ಸ್ನಾಯು ತಾನಾಗಿ ಒತ್ತುತ್ತದೆ, ಮಗುವಿಗೆ 'ಒತ್ತು' ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ.

ಮಲ ಬಂದದ್ದಕ್ಕೆ ಹೊಗಳಬೇಡಿ, ಕುಳಿತದ್ದಕ್ಕೆ ಹೊಗಳಿ. ಕೂರುವುದು ಅವಳ ಕೈಯಲ್ಲಿತ್ತು, ಬರುವುದು ಇರಲಿಲ್ಲ. ಮಂಚದ ಕೆಳಗಿನ ಚಡ್ಡಿಗಳ ಬಗ್ಗೆ ಅವನ ಬಳಿ ಒಮ್ಮೆ ಮಾತಾಡಿ, 'ನನಗೂ ಗೊತ್ತಿರಲಿಲ್ಲ ಕಂದ, ಇದು ನಿನ್ನ ತಪ್ಪಲ್ಲ' ಎಂದು ಹೇಳಿ. ನಾನು ಆ ಮಾತು ಹೇಳಲು ತುಂಬಾ ತಡಮಾಡಿದೆ.

ಉತ್ತರ 2 (ಮಕ್ಕಳ ವೈದ್ಯೆ)

ಮಗುವನ್ನು ನೋಡದೆ ಚಿಕಿತ್ಸೆ ಹೇಳುವುದು ಸರಿಯಲ್ಲ, ಆದರೆ ನೀವು ವಿವರಿಸಿದ ಚಿತ್ರ ಬಹಳ ಸ್ಪಷ್ಟವಾಗಿದೆ. ಇದು ಭೇದಿ ಇರಲಾರದು. ತಡೆದು ತಡೆದು ಮಲಾಶಯದಲ್ಲಿ ಗಟ್ಟಿ ಮಲದ ಗಡ್ಡೆ ನಿಂತಿರುವಾಗ, ಮೇಲಿನಿಂದ ಬರುವ ತೆಳುವಾದ ಮಲ ಅದರ ಪಕ್ಕದಿಂದ ಜಾರಿ ಸೋರುತ್ತದೆ. ಮೇಲ್ನೋಟಕ್ಕೆ ಭೇದಿ, ಒಳಗೆ ತೀವ್ರ ಮಲಬದ್ಧತೆ. ಈ ಹಂತದಲ್ಲಿ ಔಷಧ ನಿಲ್ಲಿಸಿದರೆ, ಭೇದಿ ಕಟ್ಟುವ ಔಷಧ ಕೊಟ್ಟರೆ ಇನ್ನೂ ಹೆಚ್ಚಾಗಿ, ಗಡ್ಡೆ ಮತ್ತಷ್ಟು ದೊಡ್ಡದಾಗುತ್ತದೆ.

'ಗೊತ್ತೇ ಆಗಲಿಲ್ಲ' ಎಂದು ನಿಮ್ಮ ಮಗ ಹೇಳುವುದು ನಿಜ. ದಯವಿಟ್ಟು ಅವನನ್ನು ನಂಬಿ. ಮಲಾಶಯ ತುಂಬಿ ಅದರ ಗೋಡೆ ಹಿಗ್ಗಿದಾಗ ನಮಗೆ ಶೌಚದ ಅವಸರ ತಿಳಿಯುತ್ತದೆ. ವಾರಗಟ್ಟಲೆ ಹಿಗ್ಗಿಯೇ ಇರುವ ಗೋಡೆ, ಸವೆದ ರಬ್ಬರ್ ಪಟ್ಟಿಯಂತೆ ಸಡಿಲಗೊಂಡು, ಆ ಸೂಚನೆಯನ್ನು ಸರಿಯಾಗಿ ಕಳುಹಿಸುವುದಿಲ್ಲ. ಅಲ್ಲಿ ನಿಂತ ಮಲದಿಂದ ಕರುಳು ನೀರು ಹೀರಿಕೊಳ್ಳುತ್ತಲೇ ಇರುತ್ತದೆ, ಹಾಗಾಗಿ ಅದು ದಿನದಿನಕ್ಕೆ ಗಟ್ಟಿಯಾಗುತ್ತದೆ. ಗಟ್ಟಿಯಾದಷ್ಟೂ ನೋವು, ನೋವಾದಷ್ಟೂ ತಡೆ. ಈ ಸುತ್ತನ್ನು ಮಗು ತಾನೇ ಮುರಿಯಲಾರದು.

ಆದ್ದರಿಂದ ಚಿಕಿತ್ಸೆಯಲ್ಲಿ ಮೊದಲ ಕೆಲಸ ನಿಂತಿರುವ ಗಡ್ಡೆಯನ್ನು ತೆಗೆಯುವುದು, ಎರಡನೆಯದು ಅದು ಮತ್ತೆ ನಿಲ್ಲದಂತೆ ಮಲವನ್ನು ತಿಂಗಳುಗಟ್ಟಲೆ ಮೆತ್ತಗಿಡುವುದು. ಎರಡಕ್ಕೂ ಇಂದು ಹೆಚ್ಚಾಗಿ ಬಳಸುವುದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ನೀರಿನಲ್ಲಿ ಕಲಸಿ ಕುಡಿಸುವ ಪುಡಿ. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಕರುಳಿನಲ್ಲೇ ಉಳಿದು ನೀರನ್ನು ಹಿಡಿದಿಟ್ಟು ಮಲವನ್ನು ಮೃದುವಾಗಿಸಿ ಹೊರಹೋಗುತ್ತದೆ. ಕರುಳನ್ನು ಅದು ಸೋಮಾರಿಯಾಗಿಸುವುದಿಲ್ಲ. ಸೋಮಾರಿಯಾಗಿರುವುದು ಹಿಗ್ಗಿದ ಮಲಾಶಯ, ಅದು ಮೊದಲಿನ ಗಾತ್ರಕ್ಕೆ ಮರಳಲು ಬೇಕಾದ ಬಿಡುವನ್ನು ಔಷಧ ಒದಗಿಸುತ್ತದೆ. ಪ್ರಮಾಣವನ್ನು ಮಗುವಿನ ವಯಸ್ಸು, ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು. ಒಂದು ಎಚ್ಚರಿಕೆ: ಗಡ್ಡೆ ಕರಗಿಸುವ ಮೊದಲ ಕೆಲವು ದಿನ ಸೋರುವಿಕೆ, ಹೊಟ್ಟೆನೋವು ಎರಡೂ ಹೆಚ್ಚಾಗಬಹುದು. ಹೆಚ್ಚಿನ ಪೋಷಕರು ಕೈಬಿಡುವುದು ಅಲ್ಲಿಯೇ.

ಎನಿಮಾದ ಬಗ್ಗೆ ಕೇಳಿದ್ದೀರಿ. ಬಾಯಿಯ ಮೂಲಕ ಕೊಟ್ಟ ಔಷಧ ಕೆಲಸ ಮಾಡದಿದ್ದಾಗ ಮಾತ್ರ ಆ ದಾರಿ. ಮೊದಲೇ ಆ ಜಾಗದ ನೋವಿಗೆ ಹೆದರಿರುವ ಮಗುವಿಗೆ ಅದು ಇನ್ನೊಂದು ಹೆದರಿಕೆಯಾಗುತ್ತದೆ.

ಎಷ್ಟು ದಿನ ಎಂಬ ಪ್ರಶ್ನೆಗೆ: ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2014ರಲ್ಲಿ ಒಟ್ಟಾಗಿ ಹೊರತಂದ ಮಾರ್ಗಸೂಚಿಯ ಪ್ರಕಾರ ಕನಿಷ್ಠ 2 ತಿಂಗಳು ಔಷಧ ನಡೆಯಬೇಕು, ಎಲ್ಲ ಲಕ್ಷಣಗಳೂ ಹೋಗಿ ಕನಿಷ್ಠ 1 ತಿಂಗಳಾದ ಮೇಲೆ ನಿಧಾನವಾಗಿ ಇಳಿಸಬೇಕು. ಇದು ಕನಿಷ್ಠ, ಏಳು ತಿಂಗಳು ಹಳೆಯದಾದ ತೊಂದರೆಗೆ ಇನ್ನೂ ಹೆಚ್ಚು ಕಾಲ ಹಿಡಿದರೆ ಗಾಬರಿಯಾಗಬೇಡಿ.

ಊಟವಾದ ಮೇಲೆ ಕೂರಿಸುವ ಪದ್ಧತಿಗೆ ಕಾರಣವಿದೆ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ, ಆ ಹೊತ್ತಿನಲ್ಲಿ ಐದರಿಂದ ಹತ್ತು ನಿಮಿಷ ಕುಳಿತರೆ ದೇಹವೇ ನೆರವಾಗುತ್ತದೆ. ಮಣೆಯ ಮೇಲೆ ಪಾದವೂರಿ ಮಂಡಿ ಸೊಂಟಕ್ಕಿಂತ ತುಸು ಮೇಲೆ ಬಂದಾಗ, ಮಲಾಶಯದ ಕೊರಳಿಗೆ ಉರುಳಿನಂತೆ ಸುತ್ತಿಕೊಂಡಿರುವ ಸ್ನಾಯು ಸಡಿಲವಾಗಿ ದಾರಿ ನೇರವಾಗುತ್ತದೆ.

ಹುಟ್ಟಿದ ಮೇಲೆ ಮೊದಲ ಮಲ ಹೋಗಲು 48 ಗಂಟೆಗಿಂತ ಹೆಚ್ಚು ಹಿಡಿದಿದ್ದರೆ, ಹುಟ್ಟಿದ ಮೊದಲ ವಾರಗಳಿಂದಲೇ ಈ ತೊಂದರೆ ಇದ್ದರೆ, ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ, ತೂಕ ಏರದಿದ್ದರೆ, ಕಾಲಿನ ಬಲದಲ್ಲಿ ಅಥವಾ ನಡಿಗೆಯಲ್ಲಿ ವ್ಯತ್ಯಾಸ ಕಂಡರೆ ತಡಮಾಡದೆ ತೋರಿಸಿ. ಇಂಥ ಲಕ್ಷಣಗಳಿಲ್ಲದ ಮಗುವಿಗೆ ಸಾಮಾನ್ಯವಾಗಿ ಸ್ಕ್ಯಾನ್, ಎಕ್ಸ್‌ರೇ, ರಕ್ತಪರೀಕ್ಷೆ ಯಾವುದೂ ಬೇಕಾಗುವುದಿಲ್ಲ.

ಉತ್ತರ 3 (ಒಬ್ಬ ಅಜ್ಜಿ)

ಇಷ್ಟು ಚಿಕ್ಕ ಮಗುವಿಗೆ ತಿಂಗಳುಗಟ್ಟಲೆ ಔಷಧವೆಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಣ್ಣು, ತರಕಾರಿ, ಕಾಳುಗಳನ್ನು ಧಾರಾಳವಾಗಿ ಕೊಟ್ಟು, ನೀರು ಚೆನ್ನಾಗಿ ಕುಡಿಸಿದರೆ ಹೊಟ್ಟೆ ತಾನಾಗಿಯೇ ಸರಿಹೋಗುತ್ತದೆ ಎಂದೇ ನಾನು ನಂಬಿಕೊಂಡು ಬಂದವಳು. ನನ್ನ ಮಕ್ಕಳನ್ನು ಬೆಳೆಸಿದ್ದೂ ಹಾಗೆಯೇ. ಮೊದಲು ಅದನ್ನು ಮಾಡಿ ನೋಡಬಾರದೇ?

ಉತ್ತರ 4 (ಮಕ್ಕಳ ವೈದ್ಯೆ)

ಹಿರಿಯರ ಮಾತಿನಲ್ಲಿ ಹುರುಳಿದೆ. ತೊಂದರೆ ಇನ್ನೂ ಹೊಸದಾಗಿ, ಮಲ ಸ್ವಲ್ಪ ಗಟ್ಟಿಯಾಗಿದೆ ಎನ್ನುವಷ್ಟರಲ್ಲೇ ಆಹಾರ, ನೀರು ಸರಿಪಡಿಸಿದರೆ ಎಷ್ಟೋ ಮಕ್ಕಳು ಅಲ್ಲಿಗೇ ಸುಧಾರಿಸುತ್ತಾರೆ. ಹಾಲನ್ನೇ ಕುಡಿದು ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳಿಗಂತೂ ಹಾಲು ಕಡಿಮೆ ಮಾಡಿದ್ದರಿಂದಲೇ ವ್ಯತ್ಯಾಸವಾಗಬಹುದು. ಆದರೆ ಗಡ್ಡೆ ಕಟ್ಟಿ ಸೋರಿಕೆ ಆರಂಭವಾದ ಮೇಲೆ ಬರೀ ಆಹಾರದಿಂದ ಅದು ಕರಗುವುದಿಲ್ಲ. ಮುಂದೆ ದಾರಿ ಕಟ್ಟಿಕೊಂಡಿರುವಾಗ ನಾರು ತುಂಬಿಸುತ್ತಾ ಹೋದರೆ ಹೊಟ್ಟೆಯುಬ್ಬರವೇ ಹೆಚ್ಚು. ವಯಸ್ಸಿಗೆ ತಕ್ಕಷ್ಟು ನಾರು, ನೀರು ಇರಲಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಹೆಚ್ಚು ಲಾಭವೇನೂ ಇಲ್ಲ. ಔಷಧ ನಡೆಯುತ್ತಿರುವಾಗ ಊಟವೂ ಸರಿಯಾಗಿರಬೇಕು, ಎರಡಕ್ಕೂ ಜಗಳವಿಲ್ಲ.

ಉತ್ತರ 5 (ಪ್ರಾಥಮಿಕ ಶಾಲೆಯ ಶಿಕ್ಷಕಿ)

ಶಾಲೆಯಲ್ಲಿ ಅವನು ಶೌಚಾಲಯಕ್ಕೆ ಹೋಗುತ್ತಾನೋ ಇಲ್ಲವೋ ವಿಚಾರಿಸಿದ್ದೀರಾ? ಬಾಗಿಲಿಗೆ ಚಿಲಕವಿಲ್ಲ, ನೆಲ ಒದ್ದೆ, ದೊಡ್ಡ ಮಕ್ಕಳು ಹೊರಗಿನಿಂದ ತಟ್ಟುತ್ತಾರೆ, ಕೇಳಲು ಕೈಯೆತ್ತಿದರೆ ಇಡೀ ತರಗತಿ ತಿರುಗಿ ನೋಡುತ್ತದೆ. ಇಷ್ಟೇ ಕಾರಣಕ್ಕೆ ದಿನವಿಡೀ ತಡೆದುಕೊಂಡು ಕೂರುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರನ್ನೇ ಕುಡಿಯದೆ ಬಾಟಲಿಯನ್ನು ತುಂಬಿದಂತೆಯೇ ಮನೆಗೆ ಒಯ್ಯುವವರೂ ಇದ್ದಾರೆ.

ತರಗತಿಯ ಶಿಕ್ಷಕರನ್ನು ಒಬ್ಬರೇ ಭೇಟಿಯಾಗಿ, ಮಗುವಿನ ಎದುರಿಗಲ್ಲದೆ, ವಿಷಯ ತಿಳಿಸಿ. ಕೇಳದೆಯೇ ಎದ್ದುಹೋಗಲು ಅವನಿಗೆ ಒಂದು ಗುರುತು ಗೊತ್ತುಮಾಡಿಕೊಡಬಹುದು; ನನ್ನ ತರಗತಿಯಲ್ಲಿ ಒಬ್ಬಳು ಮೇಜಿನ ಮೇಲೆ ನೀಲಿ ಪೆನ್ಸಿಲ್ ಇಟ್ಟು ಹೊರಡುತ್ತಿದ್ದಳು, ಬೇರೆ ಯಾರಿಗೂ ಅದರ ಅರ್ಥ ತಿಳಿದಿರಲಿಲ್ಲ. ಚೀಲದಲ್ಲಿ ಒಂದು ಜೊತೆ ಬಟ್ಟೆಯೂ ಒಂದು ಮುಚ್ಚುವ ಚೀಲವೂ ಸದಾ ಇರಲಿ.

ಪ್ರಶ್ನೆ ಕೇಳಿದ ತಾಯಿ, ಆರು ವಾರಗಳ ನಂತರ

ಎಲ್ಲರಿಗೂ ಮನಸಾರೆ ಕೃತಜ್ಞಳು. ವೈದ್ಯರಿಗೆ ತೋರಿಸಿದೆವು. ಹೊಟ್ಟೆಯ ಎಡಭಾಗದಲ್ಲಿ ನನ್ನ ಕೈಯನ್ನೇ ಇರಿಸಿ ಒಳಗಿನ ಗಡ್ಡೆಯನ್ನು ಮುಟ್ಟಿಸಿದರು; ಇಷ್ಟನ್ನು ಹೊತ್ತುಕೊಂಡು ಮಗು ಓಡಾಡುತ್ತಿದ್ದನಲ್ಲ ಎಂದು ಕರುಳು ಕಿವುಚಿದಂತಾಯಿತು. ಪುಡಿ ಆರಂಭಿಸಿದ ಮೂರನೆಯ ದಿನದಿಂದ ಐದನೆಯ ದಿನದವರೆಗೆ ಸೋರಿಕೆ ವಿಪರೀತವಾಯಿತು. ಇಲ್ಲಿ ಮೊದಲೇ ಎಚ್ಚರಿಸಿರದಿದ್ದರೆ ಖಂಡಿತ ನಿಲ್ಲಿಸಿಬಿಡುತ್ತಿದ್ದೆ. ಈಗ ದಿನಕ್ಕೊಮ್ಮೆ ಮೆತ್ತಗೆ ಹೋಗುತ್ತಿದೆ, ಮೂರು ವಾರಗಳಿಂದ ಚಡ್ಡಿ ಸ್ವಚ್ಛವಾಗಿದೆ. ಬೆಳಗಿನ ತಿಂಡಿಯ ನಂತರ ಅವನಪ್ಪ, ರಾತ್ರಿ ಊಟದ ನಂತರ ನಾನು ಜೊತೆಗಿರುತ್ತೇವೆ. ಅಲ್ಲಿಗೆ ಮೊಬೈಲ್ ಒಯ್ಯುವುದಿಲ್ಲ. ಕ್ಯಾಲೆಂಡರಿನಲ್ಲಿ ಅವನೇ ಗುರುತು ಹಾಕುತ್ತಾನೆ, ಕುಳಿತದ್ದಕ್ಕೆ ಒಂದು ಸೂರ್ಯ. ಪರದೆಯ ಹಿಂದೆ ನಿಲ್ಲುವುದು ಇನ್ನೂ ಪೂರ್ತಿ ಬಿಟ್ಟಿಲ್ಲ, ವಾರಕ್ಕೊಮ್ಮೆ ಆದರೂ ಕಾಣುತ್ತದೆ. ಆಗ ಹತ್ತಿರ ಹೋಗಿ ಕೈ ಚಾಚುತ್ತೇನೆ, ಒಂದೊಂದು ಸಲ ಹಿಡಿದುಕೊಂಡು ಬರುತ್ತಾನೆ.

ಒಂದು ಸಂಗತಿ ಕೇಳಬೇಕಿತ್ತು. ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದದ್ದೂ ತಾನಾಗಿ ಕಡಿಮೆಯಾಗಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಮಕ್ಕಳ ವೈದ್ಯೆ

ಇದೆ. ಮಲಾಶಯದ ಮುಂದೆಯೇ ಮೂತ್ರಕೋಶವಿದೆ. ಹಿಂದಿನಿಂದ ಗಡ್ಡೆ ಒತ್ತುತ್ತಿದ್ದಾಗ ಅದಕ್ಕೆ ಹಿಗ್ಗಲು ಜಾಗವಿರುವುದಿಲ್ಲ, ಪೂರ್ತಿ ಖಾಲಿಯಾಗುವುದೂ ಕಷ್ಟ. ಹಾಸಿಗೆ ಒದ್ದೆ ಮಾಡುವ ಮಗುವನ್ನು ಕರೆತಂದವರನ್ನು ನಾವು ಮಲಬದ್ಧತೆಯ ಬಗ್ಗೆ ಮೊದಲು ಕೇಳುವುದು ಇದಕ್ಕಾಗಿಯೇ. ಔಷಧವನ್ನು ಈಗ ಇರುವ ಪ್ರಮಾಣದಲ್ಲೇ ಮುಂದುವರಿಸಿ. ಪರದೆಯ ಹಿಂದೆ ನಿಲ್ಲುವುದು ಪೂರ್ತಿ ನಿಂತು ಕನಿಷ್ಠ ಒಂದು ತಿಂಗಳು ಕಳೆಯುವವರೆಗೆ ಇಳಿಸುವ ಮಾತು ಬೇಡ.