ಕ್ವಾರಿ ಹೊಡೆದ ಗುಡ್ಡದಲ್ಲಿ ಸಿಗೋ ಕಲ್ಲಿನ ಚಕ್ಕೆಗಳಿಗೆ ಇನ್ನೂ ಬೆಲೆ ಇದೆಯಾ? (ಸಂಗನಕಲ್ಲು)

ಗುಡ್ಡದಹಾದಿ:
ಎಲ್ರಿಗೂ ನಮಸ್ಕಾರ. ನಾನು ಬಳ್ಳಾರಿಯವನು, ಹಿಸ್ಟರಿ ಓದಿದವನಲ್ಲ, ಭಾನುವಾರ ಗುಡ್ಡ ಹತ್ತೋ ಅಭ್ಯಾಸ ಅಷ್ಟೇ. ಹೋದ ವಾರ ಸಂಗನಕಲ್ಲು-ಕಪ್ಪಗಲ್ಲು ಕಡೆ ಹೋಗಿದ್ವಿ, ಹಿಂದೆ ಗ್ರಾನೈಟ್ ತೆಗೆದು ಬಿಟ್ಟಿರೋ ಒಂದು ಪಕ್ಕದಲ್ಲಿ ವೇಸ್ಟ್ ಕಲ್ಲಿನ ರಾಶಿ ಇದೆ, ಅದರ ಮಧ್ಯೆ ಅಂಗೈ ಅಗಲದ ಕಪ್ಪು ಕಲ್ಲಿನ ಚಕ್ಕೆಗಳು, ಅಂಚು ಇನ್ನೂ ಚೂಪು, ಒಂದಲ್ಲ ಎರಡಲ್ಲ. ಜೊತೆಗಿದ್ದ ಗೆಳೆಯ "ಎಲ್ಲ ಕಲಸಿಹೋಗಿದೆ ಮಾರಾಯ, ಇನ್ನೇನು ನೋಡ್ತೀಯ" ಅಂದ. ನಂಗೆ ಮನಸ್ಸು ಒಪ್ಪಲಿಲ್ಲ. ಇವು ಹಳೇ ಕಾಲದವಾ ಕ್ವಾರಿ ಚೂರಾ ಅಂತ ಹೇಗೆ ಗೊತ್ತಾಗತ್ತೆ? ಹಾಳಾದ ಜಾಗವನ್ನ ಮತ್ತೆ ಸ್ಟಡಿ ಮಾಡೋದ್ರಿಂದ ಉಪಯೋಗ ಇದೆಯಾ?

ಕಲ್ಲುಚಕ್ಕೆ:
ಖಂಡಿತ ಇದೆ. ನಾನು ಎಂಎನಲ್ಲಿ ಪುರಾತತ್ವ ಓದಿದ್ದು, ಆ ಗುಡ್ಡಗಳಲ್ಲಿ ಓಡಾಡಿದೀನಿ. ನೀವು ನೋಡಿದ ಕಪ್ಪು ಕಲ್ಲು ಹೆಚ್ಚುಕಮ್ಮಿ ಡೊಲೆರೈಟೇ ಇರ್ಬೇಕು. ಅಲ್ಲಿ ಗ್ರಾನೈಟ್ ಗುಡ್ಡವನ್ನ ಸೀಳಿಕೊಂಡು ಡೊಲೆರೈಟ್ ಪಟ್ಟಿ ಹೋಗತ್ತೆ, ನವಶಿಲಾಯುಗದ ಜನ ಅದನ್ನ ಒಡೆದು ಕಲ್ಲಿನ ಕೊಡಲಿ ಮಾಡ್ತಿದ್ರು. 1880ರ ದಶಕದಲ್ಲೇ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನ ಕೊಡಲಿ ಕಾರ್ಖಾನೆ ಅಂತ ಗುರುತಿಸಿದ್ರು, 1940ರ ದಶಕದಲ್ಲಿ ಬಿ. ಸುಬ್ಬರಾವ್ ಉತ್ಖನನ ಮಾಡಿದ್ರು, ಇತ್ತೀಚೆಗೆ ರವಿ ಕೋರಿಶೆಟ್ಟರ್, ನಿಕೋಲ್ ಬೊವಾ, ಡೋರಿಯನ್ ಫುಲ್ಲರ್ ಅವರ ತಂಡ. ಈ ತಂಡ ಕೆಲಸ ಮಾಡಿದ್ದೇ ಪಕ್ಕದಲ್ಲಿ ಕ್ವಾರಿ ನಡೀತಿದ್ದಾಗ, ಅಂದ್ರೆ ಕೆಟ್ಟ ಜಾಗದಿಂದಲೂ ತಿಳ್ಕೊಂಡಿದ್ದು ತುಂಬಾ ಇದೆ.

ಗುರುತಿಸೋಕೆ ಮೊದ್ಲು ಬಣ್ಣ ನೋಡಿ. ಹೊಸದಾಗಿ ಒಡೆದ ಡೊಲೆರೈಟ್ ಮುಖ ಕಡುಕಪ್ಪು, ಬಿಸಿಲು ಮಳೆಗೆ ಸಾವಿರಾರು ವರ್ಷ ಬಿದ್ದಿದ್ರ ಮೇಲೆ ಮಾಸಲು ಕಂದು ಪದರ ಕೂತಿರತ್ತೆ. ಎರಡೂ ಮುಖಕ್ಕೆ ಆ ಪದರ ಇದ್ರೆ ಕ್ವಾರಿಯವರು ಮಾಡಿದ್ದಲ್ಲ. ಆಮೇಲೆ ಏಟು ಬಿದ್ದ ಕಡೆ ಕೆಳಗೆ ಸಣ್ಣ ಉಬ್ಬು, ಬೆನ್ನಿನ ಮೇಲೆ ಅದಕ್ಕೂ ಮುಂಚೆ ಚಕ್ಕೆ ಎದ್ದುಹೋದ ಗುರುತು, ಇದೆಲ್ಲ ಒಬ್ಬ ಯೋಚನೆ ಮಾಡಿ ಹೊಡೆದಿದಾನೆ ಅಂತ ಹೇಳತ್ತೆ. ಉಬ್ಬು ಒಂದನ್ನೇ ನಂಬಬೇಡಿ, ಕ್ರಷರಿನಲ್ಲೂ ಅದು ಬರತ್ತೆ.

ಹಳ್ಳಿಮಾಸ್ತರ:
ತಮ್ಮಾ, ನಾವು ಸಣ್ಣವರಿದ್ದಾಗ ಕಪ್ಪಗಲ್ಲು ಗುಡ್ಡದಾಗ ಕಲ್ಲು ಬಡಿದ್ರ ಗಂಟಿ ಬಡಿದಂಗ ಸಪ್ಪಳ ಬರ್ತಿತ್ತು, ದನ ಕಾಯಾಕ ಹೋದಾಗೆಲ್ಲ ಬಡೀತಿದ್ವಿ. ಆ ಕಲ್ಲಿನ ಮ್ಯಾಲೆ ಗುಳಿ ಬಿದ್ದಾವ, ಭಾಳ ಹಳೇ ಕಾಲದಿಂದ ಬಡಿದು ಬಡಿದು ಆದವು ಅಂತ ಸಂಶೋಧನೆ ಮಾಡಿದವರು ಬರ್ದಾರ. ಹಂಗ ಗ್ರಾನೈಟ್ ಬಂಡಿಗಲ್ಲಿನ ಮ್ಯಾಲೆ ಕೊಡಲಿ ಮಸೆದ ಉದ್ದ ಉದ್ದ ಗುಳಿನೂ ಅದಾವ. ಚಕ್ಕಿ ಅತ್ತಿತ್ತ ಸರಿದ್ರೂ ಉಳೀತಾವ, ಆದ್ರ ಮಸೆದ ಬಂಡಿ ಲಾರಿ ಹತ್ತಿ ಹೋತಂದ್ರ ಮುಗೀತು. ನನಗ ಸಂಕಟ ಆಗೋದು ಅದಕ್ಕ.

ಮಣ್ಣಪದರ:
ನಂದು ಸ್ವಲ್ಪ ಬೇರೆ ಅಭಿಪ್ರಾಯ. ಯಾವ ಪದರದಲ್ಲಿ ಯಾವುದರ ಪಕ್ಕ ಬಿದ್ದಿತ್ತು ಅನ್ನೋದೇ ಹೋದ್ಮೇಲೆ ಕಾಲ ಹೇಳೋಕಾಗಲ್ಲ. ಅಲ್ಲೇ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕೊಡಲಿ ಕೆಲಸ ಕ್ರಿ.ಪೂ. 1400ರ ಆಚೀಚೆ ಜೋರಾಗಿತ್ತು ಅಂತ ಗೊತ್ತಾಗಿದ್ದು ಕದಡದೆ ಉಳಿದ ಮಣ್ಣಿನ ಜೊತೆ ಸಿಕ್ಕ ಇದ್ದಿಲಿನಿಂದ, ರಾಶಿ ಮೇಲಿನ ಚಕ್ಕೆಯಿಂದಲ್ಲ. ಇದನ್ನ ಮರೆಯಬಾರದು.

ಕಲ್ಲುಚಕ್ಕೆ:
ಒಪ್ತೀನಿ, ಆ ನಷ್ಟ ನಷ್ಟವೇ. ಆದ್ರೆ ಯಾದಗಿರಿ ಜಿಲ್ಲೆಯ ಇಸಾಂಪುರ ನೋಡಿ, ಅಲ್ಲಿ ನೀರಾವರಿ ಕೆಲಸಕ್ಕೆ ಮಣ್ಣು ಎತ್ತಿದ್ದಕ್ಕೇ ಸುಣ್ಣಕಲ್ಲಿನ ಹಾಸು ಬಯಲಿಗೆ ಬಂತು, ಪುರಾತತ್ವಜ್ಞ ಕೆ. ಪದ್ದಯ್ಯ ಅವರು 1983ರಲ್ಲಿ ಗುರುತಿಸಿದ್ರು, ಆಮೇಲೆ ಅಗೆದಾಗ ಅಶೂಲಿಯನ್ ಕಾಲದ (ಕಲ್ಲಿನ ಕೈಗೊಡಲಿ ಮಾಡ್ತಿದ್ದ ಹಳೇ ಶಿಲಾಯುಗ) ಜನ ಕೂತು ಕಲ್ಲು ಒಡೆದ ಜಾಗಗಳು ಹಾಗೇ ಸಿಕ್ಕಿದ್ವು, ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್ ಮೇಲಿನ ಡೇಟಿಂಗ್ ಸುಮಾರು 12 ಲಕ್ಷ ವರ್ಷ ಹೇಳ್ತು. ಮೇಲಿಂದ ಮಣ್ಣು ಹೋಗಿದೆ ಅಂತ ಬಿಟ್ಟಿದ್ರೆ? ಅದಕ್ಕೇ ಹೇಳೋದು, ಮೊದ್ಲು ಎಲ್ಲೆಲ್ಲಿ ಕದಡಿದೆ ಎಲ್ಲೆಲ್ಲಿ ಕದಡಿಲ್ಲ ಅಂತ ಮ್ಯಾಪ್ ಮಾಡಬೇಕು. ಕ್ವಾರಿ ಕತ್ತರಿಸಿದ ಗೋಡೆಯಲ್ಲಿ ಬಂಡೆಗಳ ಸಂದಿಗೆ ಸೇರ್ಕೊಂಡಿರೋ ಮಣ್ಣು ಕಂಡ್ರೆ ಅದು ಬಂಗಾರ. "ಹೇಗೂ ಹಾಳಾಗಿದೆ" ಅನ್ನೋ ಮಾತಿಂದಾನೇ ಉಳಿದಿದ್ದೂ ಹೋಗೋದು, ಅದಕ್ಕೆ ನಂಗೆ ಆ ಮಾತು ಕೇಳಿದ್ರೆ ಸಿಟ್ಟು ಬರತ್ತೆ.

ಗುಡ್ಡದಹಾದಿ:
ಎಲ್ರಿಗೂ ಥ್ಯಾಂಕ್ಸ್. ಒಂದು ತಪ್ಪು ಒಪ್ಕೋತೀನಿ, ಎರಡು ಚಕ್ಕೆ ಬ್ಯಾಗಿಗೆ ಹಾಕ್ಕೊಂಡು ಬಂದಿದೀನಿ. ಎರಡೂ ಮುಖಕ್ಕೆ ಕಂದು ಪದರ ಇದೆ. ಏನ್ ಮಾಡ್ಲಿ?

ಕಲ್ಲುಚಕ್ಕೆ:
ತೊಳೀಬೇಡಿ, ಉಜ್ಜಬೇಡಿ. ಎತ್ತಿದ ಜಾಗ ನೆನಪಿದ್ದಷ್ಟು ಫೋನ್ ಮ್ಯಾಪಲ್ಲಿ ಪಿನ್ ಹಾಕಿ, ಒಂದು ಚೀಟಿ ಬರೆದು ಜೊತೆಗಿಡಿ, ಬಳ್ಳಾರಿಯಲ್ಲೇ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂ ಇದೆಯಲ್ಲ, ಅಲ್ಲಿ ಕೊಟ್ಟು ಚೀಟಿಯನ್ನೂ ಕೊಡಿ. ಮುಂದಿನ ಸಲ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ಮಾತ್ರ.

ಹಳ್ಳಿಮಾಸ್ತರ:
ಹೋಗೋ ಮುಂಚೆ ಹೇಳು ತಮ್ಮಾ, ಮಸೆದ ಬಂಡಿ ಉಳಿದದ್ದು ಎಲ್ಲಿ ಅದಾವಂತ ನಾನೇ ಬಂದು ತೋರಸ್ತೀನಿ, ಅವನ್ನೂ ಪಿನ್ ಹಾಕು.