ರಂಬುಟಾನ್ ಮೈತುಂಬ ಹೂ ಬಿಡುತ್ತೆ, ಒಂದೂ ಕಾಯಿ ಕಚ್ತಿಲ್ಲ

ಬೇಲಿಹೂ: ನಮ್ಮ ರಂಬುಟಾನ್ ಹಣ್ಣಿನ ಮರದ್ದು ಸತತ ಮೂರನೇ ವರ್ಷ ಇದೇ ಗೋಳು. ಎಲೆ ಹಸಿರಾಗೇ ಇದೆ, ಗೊಂಚಲು ಗೊಂಚಲು ಹೂ ಬರುತ್ತೆ, ಜೇನು ಗುಂಯ್ ಅಂತಿರುತ್ತೆ, ಆಮೇಲೆ ಎಲ್ಲಾ ಉದುರಿ ಬುಡದಲ್ಲಿ ರಾಶಿ ಬೀಳುತ್ತೆ. ನೀರು ಗೊಬ್ಬರ ಸರಿಯಾಗೇ ಕೊಡ್ತಿದೀನಿ. ಕಡಿದು ಹಾಕೋಣ ಅನ್ನೋಷ್ಟು ಬೇಜಾರಾಗಿದೆ.

ಮಣ್ಣುಹುಳ: ಬೋರಾನ್ (ಗಿಡಕ್ಕೆ ಚೂರೇ ಚೂರು ಬೇಕಾಗೋ ಪೋಷಕಾಂಶ) ಕೊರತೆ, ಅನುಮಾನಾನೇ ಬೇಡ. ಲೀಟರ್ ನೀರಿಗೆ 1 ಗ್ರಾಂ ಬೋರಾಕ್ಸ್ (ಬೋರಾನ್ ಇರೋ ಪುಡಿ) ಕಲಸಿ ಎಲೆಗೆ ಹೊಡೀರಿ.

ಬೇಲಿಹೂ: ಹೋದ ವರ್ಷಾನೇ ಹೊಡೆದೆ.

ಮಣ್ಣುಹುಳ: ಹೂ ಅರಳಿದ್ಮೇಲೆ ಹೊಡೆದಿರ್ತೀರಿ. ಮೊಗ್ಗಿರುವಾಗ್ಲೇ ಹೊಡೀಬೇಕು.

ಕಸಿಕತ್ತಿ: ಬೋರಾನ್ ಆಮೇಲೆ ನೋಡೋಣ. ಕಸಿ ಗಿಡಾನಾ, ಬೀಜದ್ದಾ?

ಬೇಲಿಹೂ: ಬೀಜದ್ದೇ, ಹಣ್ಣು ತಿಂದು ನಾನೇ ಹಾಕಿದ್ದು, 8 ವರ್ಷ ಆಯ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಸಿಕತ್ತಿ: ಅದೇ ಮುಖ್ಯ ಕಣ್ರೀ! ಬೀಜದಿಂದ ಎದ್ದ ರಂಬುಟಾನ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು ಮರಗಳೇ. ನಾಳೆ ಬೆಳಿಗ್ಗೆ ಒಂದು ಹೂ ಕಿತ್ತು ಭೂತಗನ್ನಡಿಯಲ್ಲಿ ನೋಡಿ. ನಡುವೆ ಎರಡು ಸಾಸಿವೆ ಕಾಳು ಜೋಡಿಸಿದಂಗೆ ಪುಟ್ಟ ಗಂಟು, ಅದರ ಮೇಲೆ ಕವಲೊಡೆದ ಕಡ್ಡಿ ಇದ್ರೆ ಅದು ಕಾಯಿ ಆಗೋ ಹೂ. ಬರೀ ಉದ್ದುದ್ದ ಕೇಸರ ಕೆದರಿಕೊಂಡಿದ್ರೆ ಗಂಡು.

ಎರೆಮಣ್ಣು: ಕಸಿ ಗಿಡ ಇದ್ರೂ ಪಕ್ಕದಲ್ಲಿ ಗಂಡು ಗಿಡ ಇರ್ಲೇಬೇಕು.

ಕಸಿಕತ್ತಿ: ಇರ್ಲೇಬೇಕು ಅಂತೇನಿಲ್ಲ. ಕಸಿ ತಳಿಗಳಲ್ಲಿ ದ್ವಿಲಿಂಗಿ ಹೂವೇ (ಗಂಡು ಹೆಣ್ಣು ಎರಡೂ ಭಾಗ ಇರೋದು) ಜಾಸ್ತಿ, ಒಂಟಿ ಗಿಡವೂ ಕಾಯಿ ಬಿಡುತ್ತೆ. ಪರಾಗ ಕಮ್ಮಿ ಬಿದ್ರೆ ಫಸಲು ಕಮ್ಮಿ ಆಗ್ಬಹುದು, ಅಷ್ಟೇ.

ಎರೆಮಣ್ಣು: ನನ್ನ ಅನುಭವ ಹಾಗಿಲ್ಲ. ನನ್ನತ್ರ ಮೂರು ರಂಬುಟಾನ್ ಇವೆ.

 

ಬೇಲಿಹೂ: ಕಸಿಕತ್ತಿ ಹೇಳಿದಂಗೆ ಹೂ ನೋಡ್ದೆ. ಬೇರೆಬೇರೆ ಕೊಂಬೆಯಿಂದ ಇಪ್ಪತ್ತು ಹೂ ಕಿತ್ತೆ, ಎಲ್ಲದರಲ್ಲೂ ಬರೀ ಕೇಸರ, ಹಳದಿ ಪುಡಿ ಬೆರಳಿಗೆ ಹತ್ತಿತು. ಗಂಟು ಒಂದ್ರಲ್ಲೂ ಇಲ್ಲ. 8 ವರ್ಷ ಕಾದಿದ್ದು ವ್ಯರ್ಥ ಆಯ್ತಲ್ಲಾ.

ಕಸಿಕತ್ತಿ: ವ್ಯರ್ಥ ಯಾಕಾಗುತ್ತೆ, ಬೇರು ಗಟ್ಟಿ ಇದೆ, ದಯವಿಟ್ಟು ಕಡೀಬೇಡಿ. ಮುಖ್ಯ ಕೊಂಬೆಗಳನ್ನ ಮೊಟಕು ಮಾಡಿ, ಹೊಸ ಚಿಗುರು ಬಲಿತ ಮೇಲೆ ಕಾಯಿ ಬಿಡೋ ಮರದ ಕಣ್ಣು (ತೊಗಟೆ ಸಮೇತ ಚಿಗುರೋ ಮೊಗ್ಗು) ತಂದು ಕಣ್ಣು ಕಸಿ ಮಾಡಿ. ಒಂದು ಕೊಂಬೆ ಗಂಡಾಗೇ ಇರ್ಲಿ, ಪರಾಗಕ್ಕೆ ಬೇಕಾಗುತ್ತೆ. ಕಸಿಯ ಕೆಳಗೆ ಬರೋ ಚಿಗುರನ್ನ ಚಿವುಟ್ತಾ ಇರಿ.

ಮಣ್ಣುಹುಳ: ಕಸಿ ಆದ್ಮೇಲೂ ಬೋರಾನ್ ಬೇಕು, ಮರೀಬೇಡಿ.

ಬೇಲಿಹೂ: ಒಂದೇ ಸಲಕ್ಕೆ ಎಲ್ಲಾ ಕೊಂಬೆ ಮೊಟಕು ಮಾಡ್ಲಾ, ಅಥವಾ ವರ್ಷಕ್ಕೆ ಒಂದೆರಡಾ?