ಉಬುಂಟು ಹಾಕಿಸಿದ ಮೇಲೆ ಕನ್ನಡವೇ ಮಾಯ! ಅರ್ಜೆಂಟ್

ಅಂಗಡಿ_ತುಮಕೂರು:
ಬಿ.ಎಚ್. ರಸ್ತೆ ಹತ್ತಿರ ನಮ್ಮದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ನಮ್ಮ ಹಳೇ ಸಿಸ್ಟಮ್‌ಗೆ 11 ಹತ್ತುವುದಿಲ್ಲ. ಅಕ್ಕನ ಮಗ "ಫ್ರೀ ಮಾಮ, ವೈರಸ್ ಕಾಟವೂ ಇಲ್ಲ" ಅಂತ ಉಬುಂಟು 24.04 ಅನ್ನೋ ಲಿನಕ್ಸ್ ಹಾಕಿಕೊಟ್ಟು ಹಾಸ್ಟೆಲ್‌ಗೆ ಹೋದ. ಈಗ ಯಾವ ಫೈಲ್ ತೆರೆದರೂ ಕನ್ನಡ ಇಲ್ಲ, ಏನೇನೋ ಬರುತ್ತಿದೆ. ನಾಳೆ ಬೆಳಿಗ್ಗೆ ಗೃಹಪ್ರವೇಶದ ಕಾರ್ಡ್ ಕೊಡಬೇಕು. ಬೇಗ ಹೇಳಿ!

ಟರ್ಮಿನಲ್_ತಾತ:
ಐಬಸ್, ಅಂದರೆ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಸಾಫ್ಟ್‌ವೇರ್, ಅದರ ಸಮಸ್ಯೆ. ಟರ್ಮಿನಲ್‌ನಲ್ಲಿ ಐಬಸ್-ಎಂ17ಎನ್ ಇನ್‌ಸ್ಟಾಲ್ ಮಾಡಿ, ಲಾಗೌಟ್ ಆಗಿ ಬನ್ನಿ. ಕೆಜಿಪಿ ಅನ್ನೋ ಕನ್ನಡ ಕೀಬೋರ್ಡ್ ಸಿಗುತ್ತದೆ.

ಅಂಗಡಿ_ತುಮಕೂರು:
ಕಪ್ಪು ಕಿಟಕಿ ಪಾಸ್‌ವರ್ಡ್ ಕೇಳಿತು. ಎಷ್ಟು ಒತ್ತಿದರೂ ಒಂದು ಚುಕ್ಕಿ ಕೂಡ ಬೀಳುತ್ತಿಲ್ಲ. ಕೀಬೋರ್ಡೂ ಹೋಯಿತಾ?

ಟರ್ಮಿನಲ್_ತಾತ:
ಅದು ಕಾಣುವುದಿಲ್ಲ, ಸುಮ್ನೆ ಟೈಪ್ ಮಾಡಿ ಎಂಟರ್ ಒತ್ತಿ. ಇಷ್ಟೂ ಗೊತ್ತಿಲ್ವಾ?

ಡೆಬಿಯನ್_ಭಕ್ತ:
ಉಬುಂಟು ಹಾಕಿಸಿದ್ದೇ ತಪ್ಪು. ನನ್ನದು 2012ರ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಡೆಬಿಯನ್ ಲಿನಕ್ಸ್. ಬೆಣ್ಣೆ ಹಾಗೆ ಓಡುತ್ತದೆ. ಉಬುಂಟುವಿನ ಆ ಸ್ನ್ಯಾಪ್ ಆ್ಯಪ್ ಪ್ಯಾಕೇಜಿನ ಪೀಡೆಯೂ ಇಲ್ಲ.

ಟರ್ಮಿನಲ್_ತಾತ:
ಸ್ನ್ಯಾಪ್‌ಗೂ ಇದಕ್ಕೂ ಏನು ಸಂಬಂಧ? ಐಬಸ್ ರೀಸ್ಟಾರ್ಟ್ ಮಾಡಲಿ ಮೊದಲು.

ಅಂಗಡಿ_ತುಮಕೂರು:
ಮಾಡಿದೆ. ಹಂಗೇ ಇದೆ.

ಕೊಬ್ರಿ_ತಿಪಟೂರು:
ಅಣ್ಣ, ಆ "ಏನೇನೋ" ನೋಡೋಕೆ ಹೇಗಿದೆ? ಚೌಕ ಚೌಕವಾ, ಇಂಗ್ಲಿಷ್ ಅಕ್ಷರವಾ?

ಅಂಗಡಿ_ತುಮಕೂರು:
"ಕನ್ನಡ" ಅಂತ ಇದ್ದ ಕಡೆ ಇಂಗ್ಲಿಷಿನ ಪಿ, ನೆತ್ತಿ ಮೇಲೆ ಓರೆಗೀಟಿರುವ ಎ, ಆಮೇಲೆ ಪೌಂಡ್ ದುಡ್ಡಿನ ಗುರುತು.

ಕೊಬ್ರಿ_ತಿಪಟೂರು:
ಪೌಂಡ್ ಕಂಡರೆ ಮುಗಿಯಿತು, ನುಡಿ ಸಾಫ್ಟ್‌ವೇರಿನ ಆಸ್ಕಿ, ಅಂದರೆ ಹಳೇ ಪದ್ಧತಿಯ ಫೈಲ್ ಅದು. ಮೊದಲೇ ಹೇಳೋದಲ್ವಾ! ಫೈಲ್ ಒಳಗೆ ಇರುವುದೇ ಆ ಇಂಗ್ಲಿಷ್ ಗುರುತುಗಳು. ಪಿ ಜೊತೆ ಗೀಟಿನ ಎ ಸೇರಿದರೆ "ಕ", ಪೌಂಡ್ ಜೊತೆ ಸೇರಿದರೆ "ನ". ಫಾಂಟ್ ಅವಕ್ಕೆ ಕನ್ನಡದ ವೇಷ ಕಟ್ಟುತ್ತಿತ್ತು. ಈಗ ಫಾಂಟೇ ಇಲ್ಲ. ನುಡಿ ಇರುವ ಬೇರೆ ಸಿಸ್ಟಮ್‌ನಿಂದ ನುಡಿ 01 ಇ ಫಾಂಟ್ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹೋಮ್ ಒಳಗೆ ಫಾಂಟ್ಸ್ ಅಂತ ಫೋಲ್ಡರ್ ಮಾಡಿ, ಇಂಗ್ಲಿಷ್‌ನಲ್ಲಿ, ಹೆಸರಿನ ಮುಂದೆ ಒಂದು ಚುಕ್ಕಿ ಇಡಿ. ಫಾಂಟ್ ಅದರೊಳಗೆ ಹಾಕಿ.

ಅಂಗಡಿ_ತುಮಕೂರು:
ಪಕ್ಕದ ಅಂಗಡಿಯಿಂದ ಫಾಂಟ್ ತಂದೆ. ಫೋಲ್ಡರ್ ಮಾಡಿದ ತಕ್ಷಣ ಫೋಲ್ಡರೇ ಮಾಯ!!

ಕೊಬ್ರಿ_ತಿಪಟೂರು:
ಹಹ್ಹ, ಚುಕ್ಕಿ ಇಟ್ಟರೆ ಬಚ್ಚಿಟ್ಟುಕೊಳ್ಳುತ್ತದೆ. ಕಂಟ್ರೋಲ್ ಎಚ್ ಒತ್ತಿ.

ಡೆಬಿಯನ್_ಭಕ್ತ:
ಇನ್ನೂ ಆಸ್ಕಿನಾ? ಎಲ್ಲವನ್ನೂ ಕನ್ನಡಕ್ಕೆ ಅದರದ್ದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಾಯಿಸಿ ಬಿಸಾಕಿ.

ಕೊಬ್ರಿ_ತಿಪಟೂರು:
ಇವರ ಹತ್ತು ವರ್ಷದ ಕಾರ್ಡು ನೀವು ಬದಲಾಯಿಸಿ ಕೊಡ್ತೀರಾ? ಅಣ್ಣ, ಇನ್ನೊಂದು ಮಾತು. ತಾತ ಹೇಳಿದ ಕೆಜಿಪಿಯಲ್ಲಿ ಹೊಡೆದರೆ ಯೂನಿಕೋಡ್ ಬರುತ್ತದೆ. ಅದಕ್ಕೆ ಈ ಫಾಂಟ್ ಹಿಡಿಯುವುದಿಲ್ಲ.

ಅಂಗಡಿ_ತುಮಕೂರು:
ಲಿಬ್ರೆ ಆಫೀಸ್ ರೈಟರ್‌ನಲ್ಲಿ ಅಕ್ಷರ ಬಂತು! ಕೈ ಮುಗಿದೆ. ಈಗ ಪುಟ ಜೋಡಿಸುವ ಪೇಜ್‌ಮೇಕರ್ ಎಲ್ಲಿದೆ ಹೇಳಿ, ಕಾರ್ಡ್ ಇರುವುದು ಅದರಲ್ಲೇ.

ಕೊಬ್ರಿ_ತಿಪಟೂರು:
ಅಯ್ಯೋ ಗುರುವೇ! 2001ರ 7.0 ಅದರ ಕೊನೇ ಆವೃತ್ತಿ. ಲಿನಕ್ಸ್‌ಗೆ ಅದು ಬರಲೇ ಇಲ್ಲ. ಲಿಬ್ರೆ ಆಫೀಸ್ ಡ್ರಾ ಆ ಫೈಲ್ ಓದುತ್ತದೆ, ಆದರೆ ಅಳತೆ ಆಚೀಚೆ ಆಗಬಹುದು.

ಅಂಗಡಿ_ತುಮಕೂರು:
ತೆರೆಯಿತು. ಗಣಪತಿ ಊಟದ ಸಮಯದ ಮೇಲೆ ಕೂತಿದ್ದಾನೆ.

ಟರ್ಮಿನಲ್_ತಾತ:
ಐಬಸ್ ಯಾವ ವರ್ಷನ್?